ಅದಕ್ಕಿಂತ ಮೊದಲ ಏನಾತು?

ನನ್ನ ತಂಗಿಗೆ ಜಗತ್ತಿನ ಯಾವ ಸಂಗತಿಯನ್ನೂ ಮೊದಲಿನಿಂದ ಹೇಳಕೂಡದು. ಹೇಳಿದರೆ ಆಕೆಗೆ ತಿಳಿಯುವುದೇ ಇಲ್ಲ! ಪತ್ರಿಕೆ ಬಂದರೆ ಕೊನೆಯ ಪುಟ ಮೊದಲು. ಆ ಪುಟದಲ್ಲೂ ಕೊನೆಯ ಸಾಲು ಮೊದಲು. ಲಗ್ನಪತ್ರಿಕೆ ಕೈಗೆ ಬಂದರೆ ನೀವು, ನಾನು ಏನು ಮಾಡುತ್ತೇವೆ? ವರ ಯಾರು, ವಧು ಯಾರು ಎಂದು ನೋಡುತ್ತೇವೆ. ಈಕೆ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿರುವ ಪ್ರೆಸ್ಸಿನ ಹೆಸರಿನಿಂದ ಹೊರಟು, ಸುಖಾಗಮನ ಬಯಸುವ ಬಂಧುಬಳಗವನ್ನೆಲ್ಲ ಹತ್ತಿ, ಮುಹೂರ್ತ ದಾಟಿ, ನೆತ್ತಿಯ ಮೇಲಿರುವ ದೇವರ ಹೆಸರಿಗೆ ಬಂದು ನಿಲ್ಲುತ್ತಾಳೆ. “ದೇವರು ಕಡೀಕ ಸಿಗಬೇಕಲ್ಲ ಅಣ್ಣಾ, ಮೊದಲ ಸಿಕ್ಕರ ಏನ್ ಮಜಾ?” ಎಂದು ಮೇಲೊಂದು ಸಮರ್ಥನೆ!

ಸಾಲೆಯಲ್ಲಿ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಒಪ್ಪಿಸುತ್ತಿದ್ದಳು. ಮಾಸ್ತರರು ಹೊಡೆಯಲು ಕೈ ಎತ್ತುತ್ತಿದ್ದರು. ಆದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಅವರೂ ಹಿಂದಿನಿಂದ ಎಣಿಸಬೇಕಾಗುತ್ತಿತ್ತು. ಎಣಿಸಿ ಮುಗಿಯುವುದರೊಳಗೆ ಗಂಟೆ ಬಾರಿಸುತ್ತಿತ್ತು. ಎತ್ತಿದ ಕೈಯಿಂದ ಅವರು ತಲೆ ಕೆರೆದುಕೊಂಡು ಹೊರಟುಹೋಗುತ್ತಿದ್ದರು.

ಮನೆಯಲ್ಲಿ ಗಡಿಗೆ ಒಡೆದರೆ ಅವ್ವ “ಯಾರ ಒಡದ್ರು?” ಎಂದು ಕೂಗುತ್ತಿದ್ದಳು. ತಂಗಿ ಹಾಗೆ ಕೇಳುವವಳಲ್ಲ. “ಒಡಿಯೂದಕ್ಕಿಂತ ಮೊದಲ ಗಡಿಗಿ ಎಲ್ಲಿತ್ತು?” ಎಂದು ಕೇಳುತ್ತಿದ್ದಳು. ಕಟ್ಟೆಯ ಮೇಲೆ. ಅದಕ್ಕಿಂತ ಮೊದಲ? ಒಲೆಯ ಹತ್ತಿರ. ಅಲ್ಲಿಂದ ಕಟ್ಟೆಗೆ ತಂದವರು ಯಾರು? ಹೀಗೆ ಹಿಂದಕ್ಕೆ ಹಿಂದಕ್ಕೆ ನಡೆದು ಕೊನೆಗೆ ನನ್ನ ಎದುರಿಗೆ ಬಂದು ನಿಲ್ಲುತ್ತಿದ್ದಳು. ಆಕೆಗೆ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಬೆಕ್ಕಿನ ಮೇಲೆ ಸುಳ್ಳು ಅಪವಾದ ಹೊರಿಸುವುದು ನಿಂತೇಹೋಯಿತು. ಬೆಕ್ಕು ದಪ್ಪಗಾಯಿತು, ನಾನು ತೆಳ್ಳಗಾದೆ.

ವಿಜಾಪುರ ಕಡೆಯ ಇಂಡಿಯಲ್ಲಿ, ಮನೆಗೆ ಹೊಂದಿಕೊಂಡೇ, ನಮ್ಮದೊಂದು ಮೋಟಾರು ರಿವೈಂಡಿಂಗ್ ಅಂಗಡಿ. ಬಾವಿಯ, ಬೋರಿನ ಪಂಪುಗಳ ಸುಟ್ಟ ಮೋಟಾರುಗಳನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಅಪ್ಪ ತೀರಿಕೊಂಡಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಪಾಟಿಚೀಲ ಗೂಟಕ್ಕೆ ಹಾಕಿ ಸುತ್ತಿಗೆ ಹಿಡಿದೆ. ತಂಗಿ ಓದಿದಳು, ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿದಳು. ರಜೆಯಲ್ಲಿ ಬಂದಾಗಲೆಲ್ಲ ಅಂಗಡಿಯಲ್ಲಿ ನನ್ನ ಎದುರಿಗೆ ಕೂಡುತ್ತಿದ್ದಳು. ಕಷ್ಟ ಶುರುವಾದದ್ದು ಅಲ್ಲಿಂದಲೇ.

ನಮ್ಮ ಕಸುಬಿನವರೆಲ್ಲ ಸುಟ್ಟ ಸುರುಳಿಯನ್ನು ಉಳಿಯಿಂದ ಕತ್ತರಿಸಿ ಇಕ್ಕಳ ಹಾಕಿ ಎಳೆಯುತ್ತೇವೆ. ಒಂದು ಸುರುಳಿಯ ಸುತ್ತು ನೋಡಿಕೊಂಡರೆ ಸಾಕು, ಉಳಿದದ್ದು ಅಂದಾಜು. ಈಕೆ ಕತ್ತರಿಸಲು ಬಿಡುತ್ತಿರಲಿಲ್ಲ. ಮೇಲಿನ ಸುತ್ತಿನಿಂದ ಒಂದೊಂದೇ ಬಿಚ್ಚಬೇಕು! ರೈತ ಅಂಗಡಿಯ ಮುಂದೆ ನಿಂತು “ನನ್ನ ಬೆಳಿ ಒಣಗಾಕತ್ತೈತಿ” ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಈಕೆ ಒಳಗೆ ಅಕ್ಕಿ ಆರಿಸುವವಳಂತೆ ಕುಳಿತು ಸುತ್ತು ಬಿಚ್ಚುತ್ತಿದ್ದಳು.

ಸಾಲೋಟಗಿಯ ಕಾಕಾ ಒಬ್ಬರಿದ್ದಾರೆ. ನಿಂಬೆಯ ತೋಟ ಉಳ್ಳವರು, ನಮ್ಮ ಖಾಯಂ ಗಿರಾಕಿ. ಒಮ್ಮೆ ಅವರು ಸುಟ್ಟ ಮೋಟಾರು ತಂದು ಕೆಡವಿ, “ಯಾಕ ಸುಟ್ಟಿತೋ ತಮ್ಮಾ?” ಎಂದರು.

ನಮ್ಮ ಕಸುಬಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಅಪ್ಪನಿಂದ ಬಂದದ್ದು.

“ಲೈನಿನ್ಯಾಗ ವೋಲ್ಟೇಜ್ ಹೆಚ್ಚ ಬಂದಿತ್ರಿ ಕಾಕಾ.”

ಒಳಗಿನಿಂದ ತಂಗಿಯ ಧ್ವನಿ ಬಂತು. “ವೋಲ್ಟೇಜ್ ಅಲ್ರಿ ಕಾಕಾ. ಸುಟ್ಟದ್ದು ಈ ಮೂಲಿ. ಅದಕ್ಕಿಂತ ಮೊದಲ ಏನಾತು? ಒಳಗಿನ ಕಾಗದ ಹರೀತು. ಅದಕ್ಕಿಂತ ಮೊದಲ ಏನಾತು? ತಂತಿ ಕುಂಡರವೊಲ್ದು ಅಂತ ಯಾರೋ ಬಡದು ಬಡದು ಕುಂಡ್ರಿಸ್ಯಾರ. ಗಂಟು ನೋಡಿದ್ರ ಎಡಕ್ಕ ಹಾಕ್ಯಾರ. ಈ ತಾಲೂಕಿನ್ಯಾಗ ಎಡಕ್ಕ ಗಂಟ ಹಾಕಾಂವ ಒಬ್ಬನ ಇದ್ದಾನ.”

“ಯಾಂವವ್ವಾ ಅಂವ, ಬೇಕೂಫ?” ಎಂದು ಕಾಕಾ ಮೀಸೆ ಕುಣಿಸಿದರು.

“ನಿಮ್ಮ ಮುಂದ ಕುಂತಾನಲ್ರಿ. ನಮ್ಮಣ್ಣ.”

ಕಾಕಾ ನಕ್ಕ ನಗೆಗೆ ಹೆಗಲ ಮೇಲಿನ ಟವಲು ಜಾರಿ ಕೆಳಗೆ ಬಿತ್ತು. ನಾನು ಆ ಮೋಟಾರನ್ನು ಪುಕ್ಕಟೆ ಸುತ್ತಿಕೊಟ್ಟೆ. “ಇನ್ನಮ್ಯಾಲೆ ಗಂಟ ಬಲಕ್ಕ ಹಾಕ್ತೇನಿ, ನೀ ಹ್ಯಾಂಗ ಗುರುತ ಹಿಡೀತಿ ನೋಡೂಣು” ಎಂದು ತಂಗಿಗೆ ಸವಾಲು ಹಾಕಿದೆ. ಆಕೆ ಸಮಾಧಾನದಿಂದ, “ಅಣ್ಣಾ, ತಪ್ಪು ಮಾಡೂದು ಬಿಟ್ರ ಗುರುತ ಸಿಗಂಗಿಲ್ಲ” ಎಂದಳು. ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಸುಲಭವೇ, ನೀವೇ ಹೇಳಿ!

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಈಕೆ ಸಿಂದಗಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಲು ಹೋಗತೊಡಗಿದಳು. ಕೆಲ ದಿನಗಳಲ್ಲಿ ಆ ಕ್ಲಾಸು ಮುಚ್ಚಿತು. ಹೋಗುವಾಗ ಅವ್ವನ ಕೌದಿಯೊಂದನ್ನೇ ಹಿಡಿದು ಹೋಗಿದ್ದವಳು ಬರುವಾಗ ಅಲ್ಲಿಯ ಹಳೆಯ ಕಂಪ್ಯೂಟರ್ ಒಂದನ್ನು ಆ ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತು ತಂದಳು. ಪಕ್ಕದ ಸೀಟಿನಲ್ಲಿ ಕುಳಿತ ಕೌದಿಯ ಗಂಟನ್ನು ಕಂಡಕ್ಟರ್ ದಿಟ್ಟಿಸಿ ನೋಡಿದನಂತೆ.

“ಏನಕ್ಕಾರ ಇದು?”

“ಕಂಪ್ಯೂಟರ್ರಿ.”

“ಸೀಟ ಹಿಡದೈತಿ, ಟಿಕೀಟ ಆಗತೈತಿ. ಎಷ್ಟ ವರ್ಷದ್ದು?”

“ಐದ ವರ್ಷದ್ದು.”

“ಹಂಗಾರ ಅರ್ಧ ಟಿಕೀಟ ತಗೋರಿ.”

ಅರ್ಧ ಟಿಕೀಟಿನ ಆ ಕೂಸನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದಳು, ಎಬ್ಬಿಸಿದಳು, ಮತ್ತೆ ಮೇಲೇಳಲೇ ಇಲ್ಲ. ಕೂಸಲ್ಲ, ತಂಗಿ!

ಆಕೆ ಅಲ್ಲಿ ಮಾಡುತ್ತಿದ್ದುದು ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ನನಗೆ ತಿಳಿದದ್ದೂ ರೊಟ್ಟಿಯಿಂದ. ಒಂದು ದಿನ ಅವ್ವ ಅಡುಗೆಮನೆಯಲ್ಲಿ ಕೇಳಿದಳು:

“ದಿನಾ ಬೆಳತನಕ ಅದರ ಮುಂದ ಏನ್ ಮಾಡಾಕತ್ತೀಯೇ?”

ತಂಗಿ ಕಟಕ ರೊಟ್ಟಿಯ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡಳು. “ಅವ್ವಾ, ನೀ ರೊಟ್ಟಿ ಒಂದರ ಮ್ಯಾಲೊಂದು ಇಡ್ತಿ ಹೌದಿಲ್ಲೋ? ಕಡೀಕ ಬಡದದ್ದು ಮ್ಯಾಲ. ಪ್ರೋಗ್ರಾಮ್ ಅಂದ್ರನೂ ಹಂಗ. ಒಂದ ಕೆಲಸ ಇನ್ನೊಂದ ಕೆಲಸಾನ ಕರೀತೈತಿ, ಅದು ಮತ್ತೊಂದನ್ನ. ಕರದಾಗೊಮ್ಮೆ ‘ಮುಗದ ಮ್ಯಾಲ ನಾ ಎಲ್ಲಿಗೆ ಹೊಳ್ಳಬೇಕು’ ಅನ್ನೂ ಗುರುತ ಒಂದು ರೊಟ್ಟಿ ಹಂಗ ಮ್ಯಾಲ ಇಡತೈತಿ. ನಡುವ ಎಡವಿ ಬಿತ್ತು ಅಂತ ತಿಳಿ. ಯಾಕ ಬಿತ್ತು, ಯಾರ ಕರದಾಗ ಬಿತ್ತು ಅಂತ ನೋಡಬೇಕಂದ್ರ ಮ್ಯಾಲಿಂದ ಒಂದೊಂದ ರೊಟ್ಟಿ ತಗೀಕೋತ ಕೆಳಗ ಹೋಗಬೇಕು.”

“ಅಂದ್ರ ಅಲ್ಲೂ ಹಿಂದಕ ಹೋಗೂದ ಕೆಲಸೇನು?” ಎಂದು ಅವ್ವ ಹಣೆ ಬಡಿದುಕೊಂಡಳು.

ಹೌದು, ಅದೇ ಕೆಲಸ! ಜಗತ್ತಿನಲ್ಲಿ ಇಂಥದೊಂದು ಕೆಲಸವಿದೆ ಎಂದು ಗೊತ್ತಾದ ದಿನ ಆಕೆಗೆ ತವರುಮನೆ ಸಿಕ್ಕಂತಾಗಿರಬೇಕು. ಆ ಗುರುತುಗಳನ್ನು ಹೇಗೆ ತೆಗೆಯುತ್ತ ಹೋಗಬೇಕು ಎಂಬ ಸೂಚನೆಗಳು ಆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಒಂದು ಕೋಷ್ಟಕದಲ್ಲಿ ಇರುತ್ತವಂತೆ. ಎಲ್ಲ ಅಂಕಿಗಳು. ಯಂತ್ರಕ್ಕೆ ತಿಳಿಯುತ್ತದೆ, ಮನುಷ್ಯನಿಗಿಲ್ಲ. ಆ ಹೊಟ್ಟೆಯನ್ನು ಬಗೆದು ಒಳಗೇನಿದೆ ಎಂದು ತೋರಿಸುವ ಸಲಕರಣೆಯೂ ಒಂದಿದೆ. ಊರೂರಿನವರು, ದೇಶ ದೇಶದವರು ಸೇರಿ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟದ್ದು. ಆದರೆ ಉಳಿದದ್ದನ್ನೆಲ್ಲ ಚೆಂದ ತೋರಿಸುವ ಆ ಸಲಕರಣೆ ಈ ಕೋಷ್ಟಕ ಬಂದ ಕೂಡಲೇ ಅಂಕಿಗಳನ್ನು ಹಾಗೇ ಸುರಿದು ಕೈ ತೊಳೆದುಕೊಳ್ಳುತ್ತಿತ್ತು.

ತಂಗಿಗೆ ಸಿಟ್ಟು ಬಂದದ್ದು ಇದಕ್ಕೇ. “ಡಾಕ್ಟರ್ ಹೊಟ್ಟಿ ಕೊಯ್ದು, ಒಳಗ ನೋಡಿ, ‘ಕೆಂಪಗೈತಿ’ ಅಂದು ಹೊಲದು ಕಳಿಸಿದಂಗ ಆತು!” ಎನ್ನುತ್ತಿದ್ದಳು. ಆ ಅಂಕಿಗಳು ಮಾತಾಗಬೇಕು. ಇಲ್ಲಿ ಈ ಗುರುತು ತೆಗೆ, ಇಲ್ಲಿ ಇಷ್ಟು ಹಿಂದೆ ಸರಿ, ಇಲ್ಲಿ ನಿಲ್ಲು ಎಂದು ಸಾಲುಸಾಲಾಗಿ ಓದಲು ಬರಬೇಕು. ಅದನ್ನು ನಾನು ಮಾಡೇ ತೀರುತ್ತೇನೆ ಎಂದು ಹಟ ತೊಟ್ಟಳು. ಈಕೆಯ ಹಟ ಎಂದರೆ ನಮ್ಮ ಕಡೆಯ ಎರೆಮಣ್ಣು ಇದ್ದಂತೆ. ಒಣಗಿದಾಗ ಕಲ್ಲು, ತೊಯ್ದಾಗ ಅಂಟು. ಕಾಲಿಟ್ಟವನ ಚಪ್ಪಲಿ ಅಲ್ಲೇ!

ಅವ್ವನ ಚಿಂತೆ ಬೇರೆ. “ಯಾರ ಸಲುವಾಗಿ ಮಾಡಾಕತ್ತಿ? ಅವರು ಯಾವೂರವರು?”

“ಗೊತ್ತಿಲ್ಲವ್ವ. ಒಬ್ಬೊಬ್ಬರು ಒಂದೊಂದ ದೇಶ.”

“ಯಾರ ಪೈಕಿ?”

“ಅದೂ ಗೊತ್ತಿಲ್ಲ.”

“ಯಾರ ಪೈಕಿ ಅಂತ ಗೊತ್ತಿಲ್ಲದವರ ಮನಿ ಕೆಲಸ ಮಾಡ್ತಿ, ಇಲ್ಲಿ ಒಂದ ಅರಿವಿ ಒಗಿ ಅಂದ್ರ ವಾರಾ ಮಾಡ್ತಿ!”

ನಿಜ ಹೇಳುತ್ತೇನೆ, ಆಕೆ ಮಾಡುವ ಕೆಲಸದ ಬಗ್ಗೆ ನನಗೆ ನಾಚಿಕೆ ಇತ್ತು. ಯಾರಾದರೂ ಕೇಳಿದರೆ ಏನು ಹೇಳುವುದು? ಬಿದ್ದ ಪ್ರೋಗ್ರಾಮು ಹೇಗೆ ಬಿತ್ತೆಂದು ತೋರಿಸುವ ಸಲಕರಣೆಯ ತೋರಿಕೆ ತಿದ್ದುತ್ತಾಳೆ ಎನ್ನುವುದೇ? ನಾನು ಎಲ್ಲರಿಗೂ “ಟೈಪಿಂಗ್ ಮಾಡ್ತಾಳ್ರಿ” ಎಂದುಬಿಡುತ್ತಿದ್ದೆ. ಹೂವಿನ ಹಿಪ್ಪರಗಿಯಿಂದ ಕನ್ಯೆ ನೋಡಲು ಬಂದವರಿಗೂ ಹಾಗೇ ಹೇಳಿದೆ.

ಆ ದಿನದ ಕಥೆ ಕೇಳಿ. ಹುಡುಗನ ಸೋದರಮಾವ ಚುರುಮುರಿ ಸೂಸಲದ ತಾಟು ಕೈಯಲ್ಲಿ ಹಿಡಿದು, “ಏನ್ ಕೆಲಸ ಮಾಡ್ತೀಯವ್ವಾ?” ಎಂದರು. “ಟೈಪಿಂಗ್ರಿ” ಎಂದು ನಾನು ನಡುವೆ ಬಾಯಿ ಹಾಕಿದೆ. ತಂಗಿ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಆ ಮಾವನತ್ತ ತಿರುಗಿ ಬಹಳ ವಿನಯದಿಂದ ಕೇಳಿದಳು:

“ಮಾವಾರ, ನಮ್ಮ ಮನಿ ಸುದ್ದಿ ನಿಮಗ ಯಾರ ಹೇಳಿದ್ರು?”

“ಬಾಗೇವಾಡಿ ಬೀಗರು.”

“ಅದಕ್ಕಿಂತ ಮೊದಲ ಅವರಿಗೆ ಯಾರ ಹೇಳಿದ್ರು?”

“ಕನ್ನೊಳ್ಳ್ಯಾಗ ಅವರ ಅಳಿಯ ಅದಾನ. ಅಂವ.”

“ಅಂವ ಏನಂತ ಹೇಳಿದ್ರಿ?”

ಮಾವ ಸೂಸಲ ಅಗಿಯುತ್ತ ನೆನಪು ಮಾಡಿಕೊಂಡರು. “ಇಂಡ್ಯಾಗ ಮೋಟಾರ ಅಂಗಡಿಯವರ ಮನಿ, ಬಾಗಲ ಮುಂದ ದೊಡ್ಡ ಬೇವಿನ ಗಿಡ, ಹುಡುಗಿ ಸಾಲಿ ಟೀಚರ್, ಅಂತ ಅಂದ.”

“ಮಾವಾರ, ನಾ ಟೀಚರ್ ಅಲ್ರಿ. ಬೇವಿನ ಗಿಡಾನೂ ಇಲ್ಲಿಲ್ರಿ. ಅದು ಆಚೀ ಓಣ್ಯಾಗ ಹೊಸಾ ಮೋಟಾರ ಮಾರತಾರಲ್ರಿ, ಅವರ ಮನಿ. ನಾವು ಸುಟ್ಟ ಮೋಟಾರಿನವರು.”

ತಾಟಿನ ಮೇಲಿನ ಕೈಗಳೆಲ್ಲ ನಿಂತವು. ಮಾವ ನನ್ನತ್ತ ನೋಡಿದರು, ನಾನು ಸೂರು ನೋಡಿದೆ. ಆದರೆ ದೊಡ್ಡ ಮನುಷ್ಯರು. ಉಳಿದ ಸೂಸಲವನ್ನು ಮುಗಿಸಿ, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡೇ ಆಚೆ ಓಣಿಗೆ ಹೋದರು. ಆ ಲಗ್ನ ಅಲ್ಲೇ ಗಟ್ಟಿಯಾಯಿತು. ಪತ್ರಿಕೆ ನಮಗೂ ಬಂತು. ತಂಗಿ ಅದನ್ನು ಪ್ರೆಸ್ಸಿನ ಹೆಸರಿನಿಂದ ಓದಿದಳು!

ಅವ್ವ ಮಾತ್ರ ಅಂದು ಕಡ್ಡಿ ಮುರಿದಂತೆ ಹೇಳಿದಳು. “ಯುಗಾದಿತನಕ ಟೈಮ್ ಕೊಡ್ತೇನಿ. ಅಷ್ಟರಾಗ ನಿನ್ನ ಕೆಲಸ ಆ ಪರದೇಶದವರು ಒಪ್ಪಿದ್ರ ನಾ ಬಾಯಿ ಬಿಡಂಗಿಲ್ಲ, ನಿನ್ನ ಪಾಡಿಗೆ ನೀ ಇರು. ಒಪ್ಪಲಿಲ್ಲೋ, ಕಂಪ್ಯೂಟರ್ ಗುಜರಿಗೆ. ಆಮ್ಯಾಲೆ ಯಾರ ಬಂದ್ರೂ, ತಪ್ಪಿ ಬಂದವರ ಇರ್ಲಿ ಕೇಳಿ ಬಂದವರ ಇರ್ಲಿ, ಹೂಂ ಅನ್ನಬೇಕು.”

“ಆತವ್ವ” ಎಂದಳು ತಂಗಿ. ಅವ್ವ, ಮಗಳು ಇಬ್ಬರೂ ಮಾತಿಗೆ ತಪ್ಪುವವರಲ್ಲ. ಹೆದರಿಕೆ ಆದದ್ದು ನನಗೆ.

ಆಕೆ ತಿದ್ದಿದ್ದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ವಿಜಾಪುರಕ್ಕೆ ಹೋಗಿ ಇಂಟರ್ನೆಟ್ ಅಂಗಡಿಯಿಂದ ಕಳಿಸಿದಳು. ಕೆಲ ದಿನ ಬಿಟ್ಟು ಮತ್ತೆ ಹೋದಾಗ ಉತ್ತರ ಬಂದಿತ್ತು. ತಿದ್ದಿದ್ದು ಚೆನ್ನಾಗಿದೆ, ಆದರೆ ಕೆಟ್ಟು ಕೂತ ಒಂದು ಕಡತ ಕೊಟ್ಟರೆ ಸಲಕರಣೆಯೇ ಮುಗ್ಗರಿಸಿ ಬೀಳುತ್ತದೆ, ಸರಿಮಾಡಿ ಕಳಿಸಿ ಎಂದು. ಬಿದ್ದವರು ಹೇಗೆ ಬಿದ್ದರೆಂದು ಹೇಳಬೇಕಾದದ್ದೇ ಬಿದ್ದರೆ? ನಾನು ನಕ್ಕೆ. ಆಕೆ ನಗಲಿಲ್ಲ. “ಅವರು ಹೇಳೂದು ಖರೇನ ಐತಿ” ಎಂದು ಮತ್ತೆ ಹಿಂದಿನ ಕೋಣೆ ಸೇರಿದಳು. ಹೊರಗೆ ಬೇಸಿಗೆ ಬಲಿಯುತ್ತಿತ್ತು, ಯುಗಾದಿ ಹತ್ತಿರ ಬರುತ್ತಿತ್ತು. ಆಕೆ ಊಟಕ್ಕೆ ಬಂದರೂ ಬೆರಳುಗಳು ತಾಟಿನ ಅಂಚಿನ ಮೇಲೆ ಏನನ್ನೋ ಒತ್ತುತ್ತಲೇ ಇದ್ದವು.

ಒಂದು ದಿನ ಮಧ್ಯಾಹ್ನ ಕೋಣೆಯಿಂದ ಹೊರಗೆ ಬಂದು, “ಅಣ್ಣಾ, ಕೆಟ್ಟ ಕಡತ ಕೊಟ್ರೂ ಈಗ ಬೀಳವೊಲ್ದು! ಇವತ್ತ ಒಂದ ಸಲ ಪೂರಾ ನೋಡಿ ನಾಳೆ ವಿಜಾಪುರಕ್ಕ ಹೋಗ್ತೇನಿ” ಎಂದಳು. ಆಕೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಹೇಳಿ ಒಳಗೆ ಹೋದಳು.

ಅಷ್ಟರಲ್ಲಿ ಸಾಲೋಟಗಿ ಕಾಕಾ ಬಂದರು. ಅವರ ಮೋಟಾರು ಸುತ್ತಿ, ವಾರ್ನಿಶ್ ಹಚ್ಚಿ ಇಟ್ಟಿದ್ದೆ. ಒಣಗಿಸಲಿಕ್ಕೆ ನಮ್ಮಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ, ಒಳಗೆ ದೊಡ್ಡ ದೊಡ್ಡ ಬಲ್ಬುಗಳು. ಪೆಟ್ಟಿಗೆ ಉರಿಯುತ್ತಿತ್ತು. “ನಿಂಬಿಕಾಯಿ ಉದುರಾಕತ್ತಾವೋ, ಲಗೂ ಟೆಸ್ಟ್ ಮಾಡಿ ಕೊಡೋ” ಎಂದು ಕಾಕಾ ಅವಸರ ಮಾಡಿದರು. ಪರೀಕ್ಷೆಗೆ ಒಂದು ತುಂಡು ತಂತಿ ಸಾಲದಾಯಿತು. ಕೈಗೆ ಹತ್ತಿರ ಇದ್ದದ್ದು ಬೋರ್ಡಿನ ಕರಿ ತಂತಿ. ಅರೆಗಳಿಗೆಯ ಮಾತಲ್ಲವೇ ಎಂದು ಟೆಸ್ಟರಿನಿಂದ ತಿರುಪು ಸಡಿಲಿಸಿ ಅದನ್ನು ಕಳಚಿದೆ.

ಕರಿ ತಂತಿ ಎಂದರೆ ನ್ಯೂಟ್ರಲ್. ಕರೆಂಟು ಮರಳಿ ಹೋಗುವ ದಾರಿ. ಉಳಿದ ತಂತಿಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಅದೇ. ಅದು ಕಳಚಿತೋ, ಬೇರೆ ಬೇರೆ ತಂತಿಯ ಮೇಲಿದ್ದ ಪೆಟ್ಟಿಗೆ ಮತ್ತು ಕಂಪ್ಯೂಟರಿನ ನಡುವೆ ಎಳೆದಾಟ ಶುರುವಾಗಿ, ಹಗುರ ಇದ್ದದ್ದರ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ವೋಲ್ಟೇಜ್ ಬಂದು ಬೀಳುತ್ತದೆ. ಸುತ್ತಿಗೆ ಹಿಡಿದ ಮೊದಲ ವಾರವೇ ಅಪ್ಪನ ಗೆಳೆಯರು ನನಗೆ ಹೇಳಿಕೊಟ್ಟ ಪಾಠ ಅದು. ಹೊಸಬ ಕೂಡ ಮಾಡದ ತಪ್ಪು.

ಪೆಟ್ಟಿಗೆಯ ಬಲ್ಬುಗಳು ಮಂಕಾದವು. ಹಿಂದಿನ ಕೋಣೆಯ ಫ್ಯಾನು ಹುಚ್ಚು ಹಿಡಿದಂತೆ ಗರಗರ ತಿರುಗಿತು. ಆಮೇಲೆ ‘ಟಪ್’ ಎಂದು ಸದ್ದು. ನಾನು ತಂತಿಯನ್ನು ತಿರುಗಿ ಸಿಕ್ಕಿಸುವಷ್ಟರಲ್ಲಿ ಸುಟ್ಟ ವಾಸನೆ ಬಂದಿತ್ತು. ಆ ವಾಸನೆಯಲ್ಲೇ ಬೆಳೆದವನು ನಾನು. ಏನು ಹೋಯಿತೆಂದು ನೋಡಬೇಕಾಗಿರಲಿಲ್ಲ.

ತಂಗಿ ಬಾಗಿಲಲ್ಲಿ ಬಂದು ನಿಂತಳು. “ಎಲ್ಲಾ ಹೋತು” ಎಂದಳು. ಮೊದಲು ಕಳಿಸಿದ್ದು ಅವರ ಹತ್ತಿರ ಇತ್ತು. ಆಮೇಲೆ ತಿದ್ದಿದ್ದೆಲ್ಲ ಆ ಡಬ್ಬಿಯೊಳಗೇ ಸುಟ್ಟಿತ್ತು.

ನಾನು ಏನು ಹೇಳಿದೆ? ಅಪ್ಪನಿಂದ ಬಂದ ಉತ್ತರ.

“ಲೈನಿನ್ಯಾಗ ವೋಲ್ಟೇಜ್ ಹೆಚ್ಚ ಬಂತು.”

ಇನ್ನೂ ಒಂದು ಮಾತಿದೆ. ಇದನ್ನು ಯಾರಿಗೂ ಹೇಳಿಲ್ಲ. ಆ ಗಳಿಗೆಯಲ್ಲಿ ನನ್ನ ಮನಸ್ಸಿನ ಒಂದು ಮೂಲೆ, ‘ಹೋಗಲಿ ಬಿಡು, ಇನ್ನಾದರೂ ಲಗ್ನಕ್ಕೆ ಒಪ್ಪಿಯಾಳು, ನಾಲ್ಕು ಜನರಿಗೆ ಹೇಳಿಕೊಳ್ಳಲು ಬರುವಂತೆ ಇದ್ದಾಳು’ ಎಂದಿತು. ತಂತಿ ಕಳಚಿದ್ದು ಅವಸರದಿಂದ. ಈ ಮಾತು ಅವಸರದ್ದಲ್ಲ.

ತಂಗಿ ಕಾಕಾರ ಎದುರಿಗೆ ಸ್ಟೂಲಿನ ಮೇಲೆ ಕುಳಿತಳು. ಕಣ್ಣಲ್ಲಿ ನೀರಿರಲಿಲ್ಲ. ಕೇಳತೊಡಗಿದಳು.

“ಕಾಕಾ, ಟಪ್ ಅನ್ನೂದಕ್ಕಿಂತ ಮೊದಲ ಏನಾತು?”

“ಒಳಗ ನಿಂದು ಫ್ಯಾನ್ ಜೋರ ತಿರಗತವ್ವಾ. ಇಮಾನ ಹಾರೂ ಹಂಗ.”

“ಅದಕ್ಕಿಂತ ಮೊದಲ ಏನಾತು?”

“ಈ ಡಬ್ಬ್ಯಾಗಿನ ಬಲ್ಬ್ ಸಣ್ಣ ಆದೂ.”

ಆಕೆಯ ಹುಬ್ಬು ಒಂದಿಷ್ಟು ಮೇಲೇರಿತು. ಲೈನಿನಲ್ಲಿ ವೋಲ್ಟೇಜ್ ಹೆಚ್ಚಾದರೆ ಬಲ್ಬು ದೊಡ್ಡದಾಗಬೇಕು, ಸಣ್ಣದಾಗಬಾರದು. ಅದು ನನಗೆ ಗೊತ್ತು. ಆಕೆಗೆ ಗೊತ್ತು.

“ಅದಕ್ಕಿಂತ ಮೊದಲ ನಮ್ಮಣ್ಣ ಎಲ್ಲಿದ್ದ?”

“ಇಲ್ಲೇ, ಬೋರ್ಡಿನ ಹಂತ್ಯಾಕ ನಿಂತಿದ್ನಲ್ಲ.”

ಆಕೆ ತಿರುಗಿ ನನ್ನನ್ನು ನೋಡಿದಳು. ಮುಖವನ್ನಲ್ಲ, ಕೈಯನ್ನು. ಟೆಸ್ಟರು ಇನ್ನೂ ಕೈಯಲ್ಲೇ ಇತ್ತು. ಈಗ ಬಂತು, ಈಗ ಬಂತು ಎಂದು ನಾನು ಕಾಯುತ್ತ ನಿಂತೆ. ಗಡಿಗೆ ಒಡೆದ ಕಾಲದಿಂದಲೂ ಆ ಪ್ರಶ್ನೆ ಬಂದು ನಿಲ್ಲುತ್ತಿದ್ದುದು ನನ್ನ ಎದುರಿಗೇ ಅಲ್ಲವೇ?

“ಸಾಕ ಬಿಡ್ರಿ ಕಾಕಾ” ಎಂದು ಆಕೆ ಎದ್ದಳು. “ಅವ್ವಾ, ನನಗ ಕಟಕ ರೊಟ್ಟಿ ಕಟ್ಟಿಕೊಡು. ಮುದ್ದೇಬಿಹಾಳದಾಗ ನನ್ನ ಗೆಳತಿ ಮನ್ಯಾಗ ಕಂಪ್ಯೂಟರ್ ಐತಿ. ಮುಗದ ಮ್ಯಾಲ ಬರ್ತೇನಿ.”

ಅವ್ವ ರೊಟ್ಟಿಯ ಬುಟ್ಟಿ ಎಳೆದುಕೊಂಡಳು. “ಯುಗಾದಿ ಮುಂದಿನ ವರ್ಷಾನೂ ಬರತೈತಿ, ಇರಲಿ ಬಿಡ” ಎಂದಳು.

“ಬ್ಯಾಡವ್ವ. ಮಾತ ಅಂದ್ರ ಮಾತ” ಎಂದಳು ಈಕೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಸ್ಸು ಹತ್ತಿದಳು.

ಹೋದದ್ದನ್ನು ಮತ್ತೆ ಬರೆಯುವುದು ಹೇಗೆ? ಗೆಳತಿ ಆಮೇಲೆ ಹೇಳಿದ್ದು: ಈಕೆ ಕೊನೆಯ ಸಾಲಿನಿಂದ ನೆನಪು ಮಾಡಿಕೊಳ್ಳುತ್ತ ಮೇಲಕ್ಕೆ ಮೇಲಕ್ಕೆ ಬರೆದಳಂತೆ! ಗೆಳತಿಯ ಗಂಡ ಎರಡು ದಿನ ನೋಡಿ, “ಇವರಿಗೆ ವೈದ್ಯರಿಗೆ ತೋರಿಸೂಣೇನು?” ಎಂದು ಪಿಸುಗುಟ್ಟಿದರಂತೆ. ಮೂರನೆಯ ದಿನದಿಂದ ಅವರೂ ಚಹಾ ಮಾಡಿ ತಂದಿಡತೊಡಗಿದರು.

ಇಲ್ಲಿ ನಾನು ಅಂಗಡಿಯಲ್ಲಿ ಕುಳಿತು, ಫೋನು ಬಾರಿಸಿದಾಗಲೆಲ್ಲ ಜಿಗಿಯುತ್ತಿದ್ದೆ. ಬೇವುಬೆಲ್ಲಕ್ಕೆ ಅವ್ವ ಹುರಿಗಡಲೆ ತರಿಸಿದ್ದಳು. ಯುಗಾದಿಯ ಹಿಂದಿನ ದಿನ ಫೋನು ಬಂತು.

“ಅಣ್ಣಾ, ತಗೊಂಡ್ರು.”

“ಯಾರನ್ನ?”

“ನಾ ಬರದದ್ದನ್ನೋ! ಇನ್ನ ಆ ಸಲಕರಣಿ ಎಲ್ಲೆಲ್ಲಿ ಹೋಗತೈತಿ, ಅಲ್ಲೆಲ್ಲಾ ನಾ ಬರದದ್ದೂ ಹೋಗತೈತಿ. ಇಲ್ಲಿ ಗಂಟಿನ್ಯಾಗ ಇನ್ನೂ ರೊಟ್ಟಿ ಉಳದಾವ ಅಂತ ಅವ್ವಗ ಹೇಳು.”

ಅವ್ವ ಮಾತು ಉಳಿಸಿಕೊಂಡಳು. ಅಂದಿನಿಂದ ಲಗ್ನದ ಮಾತೆತ್ತಿಲ್ಲ. ಬಂದವರಿಗೆ ತಾನೇ ಹೇಳುತ್ತಾಳೆ: “ನನ್ನ ಮಗಳು ಬಿದ್ದವರನ್ನ ಹಿಂದಕ ಬಿಚ್ಚಿ ತೋರಸ್ತಾಳ್ರಿ.” ಅವರಿಗೆ ಏನು ತಿಳಿಯುತ್ತದೋ! ನಾನೂ ಟೈಪಿಂಗ್ ಎನ್ನುವುದನ್ನು ಬಿಟ್ಟಿದ್ದೇನೆ.

ಊರಿಗೆ ಬಂದ ತಂಗಿ ಕಂಪ್ಯೂಟರನ್ನು ರಿಪೇರಿ ಮಾಡಿಸುವ ಮೊದಲು ಒಂದು ಕೆಲಸ ಮಾಡಿದಳು. ಸ್ಟೂಲು ಹಾಕಿ ಹತ್ತಿ, ಮೀಟರಿನಿಂದ ತನ್ನ ಕೋಣೆಗೆ ಬೇರೆಯೇ ಒಂದು ಕರಿ ತಂತಿ ಎಳೆದಳು. ನನ್ನ ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಕೂಡಿಸಿದ ಕಡೆ ಗಂಟನ್ನು ಬಲಕ್ಕೆ ಹಾಕಿದ್ದಳು. ಕೆಳಗೆ ಸ್ಟೂಲು ಹಿಡಿದು ನಿಂತವನು ನಾನೇ.

ಮೊನ್ನೆ ಆಕೆಯ ಕೋಣೆಗೆ ಚಹಾ ಕೊಡಲು ಹೋಗಿದ್ದೆ. ಪರದೆಯ ತುಂಬ ಸಾಲುಗಳು. “ಇದನೇನು ನೀ ಮಾಡಿದ್ದು?” ಎಂದೆ. ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ನೋಡ. ಮೊದಲ ಇಲ್ಲಿ ಬರೇ ‘ಒಂದು’ ಅಂತ ಅಂಕಿ ಇರ್ತಿತ್ತು. ಯಾರಿಗೂ ತಿಳೀತಿರಲಿಲ್ಲ. ಈಗ ಮಾತಿನ್ಯಾಗ ಬರತೈತಿ, ‘ಇಲ್ಲಿಂದ ಹಿಂದಕ ಬಿಚ್ಚಂಗಿಲ್ಲ’ ಅಂತ.”

“ಬಿಚ್ಚಾಕ ದಾರಿ ಸಿಗಂಗಿಲ್ಲೇನು?”

“ಸಿಗವೊಲ್ದು ಅಂತಲ್ಲ. ಬರದವರ ಬೇಕಂತ ಗುರುತ ಹಾಕಿರ್ತಾರ. ಇಲ್ಲಿಗೆ ಬಂದ್ರ ಸಾಕು, ಇಲ್ಲಿ ನಿಲ್ಲು ಅಂತ.”

ಕೋಣೆಯಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಗೋಡೆಯ ಮೇಲೆ ಆ ಕರಿ ತಂತಿ. ನಾನು ಧೈರ್ಯ ಮಾಡಿದೆ.

“ತಂಗೀ, ಅವತ್ತ ನೀನೂ ಬೇಕಂತನ...”

“ಅಣ್ಣಾ, ಚಾ ಆರತೈತಿ. ನಿಂದೂ ಇಲ್ಲೇ ತಗೊಂಡ ಬಾ, ಕೂಡೇ ಕುಡಿಯೂಣು” ಎಂದಳು.

ಹೋಗಿ ತಂದೆ. ಕುಡಿದೆವು. ಹೇಳಬೇಕಾದದ್ದು ಆ ದಿನವೂ ಉಳಿದೇ ಹೋಯಿತು. ಆದರೆ ಏಳನೆಯ ಇಯತ್ತೆಯ ಕನ್ನಡದಲ್ಲಿ ಇಷ್ಟು ದೂರ ಬರೆದುಕೊಂಡು ಬಂದವನು ಹಾಗೇ ಎದ್ದು ಹೋಗುವುದಿಲ್ಲ. ಇದು ಅಚ್ಚಾದರೆ ಆಕೆ ಎಲ್ಲಿಂದ ಓದಲು ಶುರುಮಾಡುತ್ತಾಳೆಂದು ನನಗೆ ಗೊತ್ತು. ಅದಕ್ಕೇ ಅದನ್ನು ಕಟ್ಟಕಡೆಗೆ ಇಟ್ಟಿದ್ದೇನೆ. ನಿಮಗೆ ಇದು ಕೊನೆಯ ಸಾಲು, ಆಕೆಗೆ ಮೊದಲನೆಯದು.

ತಂಗೀ, ಅವತ್ತ ಆ ಕರಿ ತಂತಿ ಕಳಚಿದಾಂವ ನಾನವ್ವಾ.